ಜೇಡಿ ಏರಿನಲ್ಲಿ ಪಿಕಪ್

ಪಿಕಪ್ ಬರುವ ಮೊದಲು ನಮ್ಮ ತೋಟದಲ್ಲಿದ್ದದ್ದು ಮಹೀಂದ್ರದ ಹಳೆ ಸಿಜೆ-3ಬಿ ಜೀಪು, ಎತ್ತರದ ಬಾನೆಟ್ಟಿನದು. ಬರಿ ಗಾಡಿಯ ತೂಕ ಒಂದು ಟನ್ನಿನ ಆಸುಪಾಸು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 80 ಇಂಚು, ಅಂದರೆ ಎರಡು ಮೀಟರಿಗಿಂತ ಎರಡು ಬೆರಳು ಹೆಚ್ಚು. ಟೈರು 6.00-16, ಈಗಿನ ಕಣ್ಣಿಗೆ ತೀರಾ ಸಪೂರ. ಸ್ಟೇರಿಂಗು ಗಟ್ಟಿ, ಬ್ರೇಕು ದೇವರ ಮೇಲೆ ಭಾರ. ಆದರೆ ಮೂಡಿಗೆರೆ ಕಡೆಯ ನಮ್ಮ ಸುತ್ತಮುತ್ತ ಅದು ಹತ್ತದ ಏರು ಇರಲಿಲ್ಲ. ಚಿಕ್ಕಪ್ಪನಿಗೂ ವಯಸ್ಸಾಯಿತು, ಜೀಪಿಗೂ ಆಯಿತು. ಗೊಬ್ಬರದ ಮೂಟೆ, ಡೀಸೆಲ್ ಕ್ಯಾನು, ಆಳುಗಳು, ಶಾಲೆಯ ಮಕ್ಕಳು ಎಲ್ಲಕ್ಕೂ ಒಂದೇ ಗಾಡಿ ಆಗಬೇಕು ಅಂತ ಡಬಲ್ ಕ್ಯಾಬ್ ಪಿಕಪ್ ತಂದೆವು. ಫೋರ್ ವೀಲ್ ಡ್ರೈವ್, ಜೀಪಿನ ಹತ್ತಿರ ಹತ್ತಿರ ಎರಡು ಪಟ್ಟು ತೂಕ, ಶಕ್ತಿಯಂತೂ ಕೇಳುವುದೇ ಬೇಡ. ಆರಿದ್ರ ಮಳೆ ಹಿಡಿದ ಮೇಲೆ ಆ ಶಕ್ತಿಯೆಲ್ಲ ಮೋರಿಯ ತಿರುವಿನಲ್ಲಿ ಕೆಸರು ಎರಚುವುದಕ್ಕೆ ಖರ್ಚಾಗತೊಡಗಿತು.

ಟಾರು ರಸ್ತೆಯಿಂದ ನಮ್ಮ ಮನೆಗೆ ಒಂದೂವರೆ ಕಿಲೋಮೀಟರು. ಅಷ್ಟರಲ್ಲೇ ಮೂರು ನಮೂನೆಯ ನೆಲ. ಮೊದಲಿಗೆ ಗದ್ದೆಯ ಬದಿಯ ಹುದುಲು, ಎಷ್ಟು ಇಳಿದರೂ ತಳ ಸಿಗುವುದಿಲ್ಲ. ಆಮೇಲೆ ಮೋರಿ ದಾಟಿ ಬಲಕ್ಕೆ ತಿರುಗುವ ಜೇಡಿ ಏರು. ಕೊನೆಯದು ಪಾಚಿ ಕಟ್ಟಿದ ಬಂಡೆ. ಈ ಮೂರಕ್ಕೂ ಒಂದೇ ಮದ್ದು ಇಲ್ಲ ಎಂಬುದು ಗಾಡಿಗೆ ಸಾಮಾನು ಮಾರುವವರು ಹೇಳದ ಮಾತು. ಬೆಂಗಳೂರಿನಲ್ಲಿ ಕೂತ ನನ್ನ ಗೆಳೆಯರಂತೂ ಫೋನಿನಲ್ಲೇ ಗಾಡಿಯನ್ನು ಬಿಚ್ಚಿ ಜೋಡಿಸಿದರು. ಒಬ್ಬ ದೊಡ್ಡ ಟೈರು ಹಾಕು ಅಂದ, ಇನ್ನೊಬ್ಬ ಲಾಕರ್ ಹಾಕಿಸು ಅಂದ, ಮತ್ತೊಬ್ಬ ವಿಂಚ್ ಇಲ್ಲದೆ ಮಲೆನಾಡಿನಲ್ಲಿ ಹೇಗೆ ಬದುಕಿದ್ದೀಯ ಅಂತ ಕೇಳಿದ. ಚಿಕ್ಕಪ್ಪ ಮಾತ್ರ ಗಾಡಿಯ ಹಿಂಬದಿಗೆ ಹೋಗಿ ಖಾಲಿ ತೊಟ್ಟಿ ನೋಡಿ, "ಹಿಂದೆ ಎಂತ ಇಲ್ವಲ ಮಾರಾಯ, ಚಕ್ರ ನೆಲ ಹಿಡಿಯದು ಹ್ಯಾಂಗೆ?" ಅಂದರು.

ಅವರು ಹೇಳಿದ್ದೇ ಪಿಕಪ್ಪಿನ ಹುಟ್ಟುಗುಣ. ಹೊರೆ ಹೊರಲೆಂದೇ ಮಾಡಿದ ಗಾಡಿ ಅದು. ಎಂಜಿನ್, ಗೇರ್‌ಬಾಕ್ಸ್, ಕೂರುವ ಜನ ಎಲ್ಲ ಮುಂದೆ. ಹಿಂದೆ ಬರಿ ತಗಡಿನ ತೊಟ್ಟಿ. ಅದರ ಕೆಳಗೆ ಟನ್ ಭಾರಕ್ಕೆ ಲೆಕ್ಕ ಹಾಕಿ ಕೂರಿಸಿದ ಪ್ಲೇಟು ಸ್ಪ್ರಿಂಗ್. ಖಾಲಿ ಇದ್ದಾಗ ಆ ಸ್ಪ್ರಿಂಗ್ ಬಾಗುವುದೇ ಇಲ್ಲ. ಉಬ್ಬುತಗ್ಗಿನಲ್ಲಿ ಚಕ್ರ ಕೆಳಗಿಳಿದು ನೆಲ ಮುಟ್ಟುವ ಬದಲು ಗಾಡಿಯ ಜೊತೆಗೇ ಮೇಲೆದ್ದುಬಿಡುತ್ತದೆ. ಚಿಕ್ಕಪ್ಪ ಆ ದಿನವೇ ಮರಳಿನ ಚೀಲಗಳನ್ನು ಹೊರಿಸಿ, ಹಿಂದಿನ ಆಕ್ಸಲ್ಲಿನ ನೇರಕ್ಕೆ ಸಾಲಾಗಿ ಇಡಿಸಿ, ಜಾರದ ಹಾಗೆ ಹಗ್ಗ ಬಿಗಿಸಿದರು. ತೊಟ್ಟಿಯ ಹಿಂಬಾಗಿಲ ಬುಡಕ್ಕೆ ಇಟ್ಟಿದ್ದರೆ ಮುಂದಿನ ಚಕ್ರದ ಭಾರ ಕಡಿಮೆಯಾಗಿ ಏರಿನಲ್ಲಿ ಸ್ಟೇರಿಂಗು ಮಾತು ಕೇಳುತ್ತಿರಲಿಲ್ಲ. ಇನ್ನೂರು ಕಿಲೋ ಮರಳಿಗೆ ಖರ್ಚಾದದ್ದು ಚೀಲದ ದುಡ್ಡು ಮಾತ್ರ. ಗದ್ದೆ ಬದಿಯಲ್ಲಿ ಬಾಲ ಅತ್ತಿತ್ತ ಎಳೆಯುವುದು ಅಲ್ಲಿಗೆ ನಿಂತಿತು. ಮೋರಿಯ ತಿರುವು ಮಾತ್ರ ಜಗ್ಗಲಿಲ್ಲ.

ಅಲ್ಲಿ ಆಗುತ್ತಿದ್ದದ್ದು ಇದು. ತಿರುವಿನ ಒಳಮಗ್ಗುಲಲ್ಲಿ ನೀರು ಕೊರೆದ ಕಾಲುವೆ. ಮುಂದಿನ ಬಲ ಚಕ್ರ ಅದಕ್ಕೆ ಇಳಿಯುವ ಹೊತ್ತಿಗೆ ಹಿಂದಿನ ಎಡ ಚಕ್ರ ಇನ್ನೊಂದು ತಗ್ಗಿನ ಮೇಲೆ ನೇತಾಡುತ್ತಿತ್ತು. ಮೂಲೆಯಿಂದ ಮೂಲೆಗೆ ಎರಡು ಚಕ್ರ ಹಗುರ, ಉಳಿದೆರಡಕ್ಕೆ ಗಾಡಿಯ ಭಾರವೆಲ್ಲ. ಭಾರ ಹೊತ್ತ ಚಕ್ರಗಳು ಎಳೆಯಬೇಕಿತ್ತಲ್ಲ? ಎಳೆಯುತ್ತಿರಲಿಲ್ಲ. ಹಗುರಾದವೇ ಗಿರ್ರನೆ ತಿರುಗುತ್ತಿದ್ದವು. ನಾಲ್ಕು ಚಕ್ರದ ಗಾಡಿ ಎಂದು ಕೊಂಡದ್ದು ಆ ತಿರುವಿನಲ್ಲಿ ಒಂದು ಚಕ್ರದ ಕೆಲಸವನ್ನೂ ಮಾಡುತ್ತಿರಲಿಲ್ಲ.

ಇದರ ಮೂಲ ಡಿಫರೆನ್ಷಿಯಲ್, ನಮ್ಮ ಕಡೆಯ ಮೆಕ್ಯಾನಿಕ್ಕುಗಳ ಬಾಯಲ್ಲಿ 'ಕ್ರೌನ್'. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದಾರಿ ನಡೆಯಬೇಕಲ್ಲ, ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲಿ ಅಂತ ಆಕ್ಸಲ್ಲಿನ ನಡುವೆ ಕೂರಿಸಿದ ಹಲ್ಲುಗಳ ಗುಂಪು ಅದು. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ತಿರುಚುವ ಬಲವನ್ನು ಸಮನಾಗಿ ಹಂಚುತ್ತದೆ. ಕೇಳುವುದಕ್ಕೆ ನ್ಯಾಯವಾಗಿದೆ. ಆದರೆ ಗಾಳಿಯಲ್ಲಿರುವ ಚಕ್ರ ಬಲವನ್ನು ತಡೆದುಕೊಳ್ಳುವುದೇ ಇಲ್ಲ. ಅದಕ್ಕೆ ಎಷ್ಟು ಹೋಗುತ್ತದೋ ನೆಲ ಕಚ್ಚಿ ನಿಂತ ಚಕ್ರಕ್ಕೂ ಅಷ್ಟೇ ದಕ್ಕುತ್ತದೆ. "ಜೋಡಿಯಲ್ಲಿ ಒಂದೆತ್ತು ಮಲಗಿದ್ರೆ ಇನ್ನೊಂದು ಎಷ್ಟು ಗಟ್ಟಿ ಇದ್ರೆ ಎಂತ ಬಂತು" ಎಂದು ಚಿಕ್ಕಪ್ಪ ಹೇಳಿದ್ದು, ನಾನು ಓದಿದ ಯಾವ ವಿವರಣೆಗಿಂತಲೂ ನೆಟ್ಟಗಿತ್ತು. ಫೋರ್ ವೀಲ್ ಲಿವರ್ ಹಾಕಿದಾಗ ಒಂದಕ್ಕೊಂದು ಬಿಗಿಯಾಗುವುದು ಮುಂದಿನ ಆಕ್ಸಲ್ಲು ಮತ್ತು ಹಿಂದಿನ ಆಕ್ಸಲ್ಲು. ಒಂದೇ ಆಕ್ಸಲ್ಲಿನ ಎಡ-ಬಲ ಚಕ್ರಗಳು ಆಗಲೂ ಬಿಡಿಬಿಡಿಯೇ.

ಹಾಗಾದರೆ ಜೀಪು ಹೇಗೆ ಹತ್ತುತ್ತಿತ್ತು? ಅದರಲ್ಲೂ ಇದೇ ಡಿಫರೆನ್ಷಿಯಲ್. ವ್ಯತ್ಯಾಸ ಇದ್ದದ್ದು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಉದ್ದದಲ್ಲಿ. ಎರಡು ಮೀಟರಿನ ಗಾಡಿ ಆ ಎರಡು ತಗ್ಗುಗಳಿಗೆ ಒಟ್ಟಿಗೆ ಸಿಕ್ಕಿಬೀಳುತ್ತಿರಲಿಲ್ಲ. ಮುಂದಿನ ಚಕ್ರ ಮೇಲೆ ಬಂದ ಮೇಲೆಯೇ ಹಿಂದಿನದು ತಗ್ಗಿಗೆ ಇಳಿಯುತ್ತಿತ್ತು. ಮೂರು ಮೀಟರಿಗೂ ಉದ್ದದ ಪಿಕಪ್ಪಿಗೆ ಆ ಕಾಲುವೆ ಸರಿಯಾಗಿ ಅಳತೆ ಕೊಟ್ಟು ಹೊಲಿಸಿದ ಬಲೆ.

ಚಿಕ್ಕಪ್ಪನಿಗೆ ಗೊತ್ತಿದ್ದ ಒಂದು ಉಪಾಯ ಇಲ್ಲಿ ನಮ್ಮ ಕೈ ಹಿಡಿಯಿತು. ಹಿಂದಿನ ಚಕ್ರ ಸುಮ್ಮನೆ ತಿರುಗತೊಡಗಿದರೆ ಹ್ಯಾಂಡ್ ಬ್ರೇಕನ್ನು ಎರಡು ಮೂರು ಹಲ್ಲು ಎಳೆಯುವುದು, ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ ಹಿಡಿಯುವುದು. ಬ್ರೇಕಿನ ತಡೆ ಬಿದ್ದೊಡನೆ ತಿರುಗುವ ಚಕ್ರಕ್ಕೆ ಒಂದಿಷ್ಟು ಭಾರ ಸಿಕ್ಕಿದ ಹಾಗಾಗುತ್ತದೆ, ಅಷ್ಟೇ ಪಾಲು ಅದರ ಜೋಡಿ ಚಕ್ರಕ್ಕೂ ತಲುಪುತ್ತದೆ. ಎಷ್ಟೋ ಸಲ ಗಾಡಿ ಅಷ್ಟರಲ್ಲೇ ಒಂದು ಮಾರು ಮುಂದೆ ಬರುತ್ತದೆ, ಬೇಕಾದದ್ದೂ ಅಷ್ಟೇ. ಅವರು ಈ ವಿದ್ಯೆ ಕಲಿತದ್ದು ಜೀಪಿನಲ್ಲಲ್ಲ, ತಮ್ಮ ಹರೆಯದಲ್ಲಿ ಓಡಿಸುತ್ತಿದ್ದ ಟೆಂಪೋದಲ್ಲಿ. ಸಿಜೆ-3ಬಿಯ ಹ್ಯಾಂಡ್ ಬ್ರೇಕು ಚಕ್ರದಲ್ಲಿ ಇರಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಪ್ರೊಪೆಲ್ಲರ್ ಶಾಫ್ಟಿನ ಬುಡಕ್ಕೆ ಒಂದು ಡ್ರಮ್ಮು. ಅದನ್ನು ಎಳೆದರೆ ಶಾಫ್ಟೇ ನಿಲ್ಲುತ್ತದೆ, ಎರಡು ಚಕ್ರಗಳ ನಡುವಿನ ಹಂಚಿಕೆಗೆ ಏನೂ ಆಗುವುದಿಲ್ಲ. ಈಚಿನ ಗಾಡಿಗಳಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಎಂದು ಒಂದು ಗುಂಡಿ ಇರುತ್ತದಲ್ಲ, ಅದು ಮಾಡುವುದೂ ಚಿಕ್ಕಪ್ಪ ಮಾಡುತ್ತಿದ್ದದ್ದನ್ನೇ. ಯಾವ ಚಕ್ರ ಜಾರುತ್ತಿದೆ ಎಂದು ಸೆನ್ಸರ್ ಹೇಳುತ್ತದೆ, ಅದೊಂದಕ್ಕೇ ಬ್ರೇಕು ಹಿಡಿಯುತ್ತದೆ, ಸೆಕೆಂಡಿಗೆ ಹಲವು ಸಲ. ತಮ್ಮನ ಹೊಸ ಗಾಡಿಯಲ್ಲಿ ಆ ಕರಕರ ಸದ್ದು ಕೇಳಿದಾಗಲೆಲ್ಲ ಚಿಕ್ಕಪ್ಪ, "ಇದ್ಕೂ ಕೈಬ್ರೇಕು ಎಳಿಯಕೆ ಬರ್ತದೆ ನೋಡು" ಅನ್ನುತ್ತಿದ್ದರು.

ನಮಗೆ ಎಲ್ಲಕ್ಕಿಂತ ಹೆಚ್ಚು ಲಾಭ ಕೊಟ್ಟದ್ದು ಗಾಳಿ. ಪೇಟೆಯ ಪಂಕ್ಚರ್ ಅಂಗಡಿಯ ಕಾಕನಿಗೆ ಟೈರಿನಿಂದ ಗಾಳಿ ತೆಗೆಯುವುದೆಂದರೆ ಆಗದು. 32 ಇರಬೇಕಾದಲ್ಲಿ 18ಕ್ಕೆ ಇಳಿಸಿ ಅಂದಾಗ, "ಎಂತಕ್ಕೆ ಸಾರ್, ಟೈರ್ ಹಾಳಾಗ್ತದೆ" ಎಂದು ಗೇಜು ನನ್ನ ಕೈಗೇ ಕೊಟ್ಟ. ಲೆಕ್ಕ ಮಾಡಿ ತೋರಿಸಿದೆ. ಗಾಡಿ ಎರಡು ಟನ್ ಎಂದುಕೊಂಡರೆ ಒಂದೊಂದು ಚಕ್ರದ ಮೇಲೆ 500 ಕಿಲೋ. 32 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೋ ಒತ್ತಡ. ಅಷ್ಟು ಗಾಳಿಯಲ್ಲಿ 500 ಕಿಲೋ ಹೊರಲು ಟೈರಿನ ಸುಮಾರು 220 ಚದರ ಸೆಂಟಿಮೀಟರು ನೆಲಕ್ಕೆ ತಾಗಿದರೆ ಸಾಕು, ಬೆರಳು ಸೇರಿಸಿದ ಅಂಗೈಗಿಂತ ಅದು ಬಹಳ ದೊಡ್ಡದೇನಲ್ಲ. 18ಕ್ಕೆ ಇಳಿಸಿದರೆ ಅದೇ ಭಾರಕ್ಕೆ 400ರ ಹತ್ತಿರ ಬೇಕು. ಟೈರಿನ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ಈ ಲೆಕ್ಕ ಅಂದಾಜಿನದು. ದಿಕ್ಕು ಮಾತ್ರ ತಪ್ಪಲ್ಲ. ಹೀಗೆ ಹೆಚ್ಚುವ ಜಾಗ ಅಗಲಕ್ಕಿಂತ ಉದ್ದಕ್ಕೆ ಹೆಚ್ಚು ಬೆಳೆಯುತ್ತದೆ. ಉದ್ದ ಬೆಳೆದಷ್ಟೂ ಹೆಚ್ಚು ಹಲ್ಲುಗಳು ಒಟ್ಟಿಗೆ ನೆಲ ಕಚ್ಚುತ್ತವೆ. ಪಾಚಿಗಟ್ಟಿದ ಬಂಡೆಯ ಮೇಲಂತೂ ಮೆತ್ತಗಾದ ಟೈರು ಕಲ್ಲಿನ ಉಬ್ಬುತಗ್ಗನ್ನು ಅಪ್ಪಿ ಹಿಡಿಯುತ್ತದೆ. ಮೊದಲು ಪುಟಿಯುತ್ತಿದ್ದ ಗಾಡಿ ಅಲ್ಲಿ ಸದ್ದಿಲ್ಲದೆ ನಡೆಯತೊಡಗಿತು.

ಕಾಕನ ಮಾತೂ ಸುಳ್ಳಲ್ಲ. ಗಾಳಿ ಇಳಿಸಿದ ಟೈರಿನಲ್ಲಿ ಟಾರು ರಸ್ತೆಯಲ್ಲಿ ಓಡಿದರೆ ಗೋಡೆ ಬಾಗಿ ಬಾಗಿ ಕಾದು ಸಿಡಿಯುತ್ತದೆ. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಭಯ. ಆದ್ದರಿಂದ ಬ್ಯಾಟರಿಗೆ ಸಿಕ್ಕಿಸುವ ಪುಟ್ಟ ಕಂಪ್ರೆಸರ್ ಒಂದನ್ನು ಸೀಟಿನ ಕೆಳಗೆ ಇಟ್ಟುಕೊಂಡೆ. ನಾನು ಈ ಗಾಡಿಗೆ ಕೊಂಡ ಸಾಮಾನುಗಳಲ್ಲಿ ದುಡ್ಡಿಗೆ ತಕ್ಕ ಕೆಲಸ ಮಾಡಿದ್ದು ಯಾವುದು ಅಂತ ಕೇಳಿದರೆ ಅದನ್ನೇ ತೋರಿಸುತ್ತೇನೆ.

ಒಮಾನ್‌ನಲ್ಲಿರುವ ಭಾವ ಊರಿಗೆ ಬಂದಾಗ ಗಾಳಿಯ ವಿಷಯಕ್ಕೆ ಇನ್ನೊಂದು ಮುಖ ತೋರಿಸಿದರು. ಅವರದು ವಾಹಿಬಾ ಮರಳುಗಾಡು, ಟೊಯೊಟಾ ಹೈಲಕ್ಸ್. ಅಲ್ಲಿ ಮರಳಿಗೆ ಇಳಿಯುವ ಮೊದಲು ಎಲ್ಲರೂ ಗಾಡಿ ನಿಲ್ಲಿಸಿ 15ರ ಆಸುಪಾಸಿಗೆ ಗಾಳಿ ಬಿಡುತ್ತಾರಂತೆ. ಅಲ್ಲಿ ದೊಡ್ಡ ಹಲ್ಲಿನ ಟೈರು ಶತ್ರು. ಹಲ್ಲು ಮರಳನ್ನು ತೋಡಿ ಗಾಡಿಯನ್ನು ತಾನೇ ಹೂಳುತ್ತದೆ. ಮೇಲ್ಮೈ ನಯವಾಗಿದ್ದು, ಅಗಲವಾಗಿ ತೇಲುವ ಟೈರೇ ಅಲ್ಲಿಗೆ ಸರಿ. ಭಾವ ಇದೇ ಧೈರ್ಯದಲ್ಲಿ ನಮ್ಮ ಜೇಡಿ ಏರಿಗೆ ವೇಗವಾಗಿ ನುಗ್ಗಿಸಿ ಬೇಲಿಯ ಬೂರುಗದ ಮರದ ತನಕ ಹೋಗಿ ನಿಂತರು. ಮರಳಿನಲ್ಲಿ ವೇಗ ಬಿಟ್ಟರೆ ಕೆಟ್ಟಿರಿ, ಜೇಡಿಯಲ್ಲಿ ವೇಗ ಹಿಡಿದರೆ ಕೆಟ್ಟಿರಿ.

ಟೈರಿನ ಮಾತು ಬಂದರೆ ನಮ್ಮ ಕಡೆ ಈಗಲೂ ಬಟನ್ ಟೈರಿನ ಪಂಗಡ ಒಂದಿದೆ. ಜೀಪಿಗೆ ಹಾಕುತ್ತಿದ್ದ, ದಪ್ಪ ಗಟ್ಟಿಗಳನ್ನು ಬಿಡಿಬಿಡಿಯಾಗಿ ಅಂಟಿಸಿದಂತೆ ಕಾಣುವ ಟೈರು. ಎರಡು ಗಟ್ಟಿಗಳ ನಡುವಿನ ಅಂತರ ದೊಡ್ಡದು, ಚಕ್ರ ತಿರುಗಿದಾಗ ಅಲ್ಲಿ ಸೇರಿದ ಮಣ್ಣು ಸಿಡಿದು ಹೋಗುತ್ತದೆ. ರಸ್ತೆಯ ಟೈರಿನ ಸಣ್ಣ ಗೀರುಗಳಲ್ಲಿ ಜೇಡಿ ತುಂಬಿಕೊಂಡರೆ ಮುಗಿಯಿತು, ಆಮೇಲೆ ಅದು ಹಲ್ಲಿಲ್ಲದ ಉರುಳೆ. ಇನ್ನು ಅಗಲವೋ ಸಪೂರವೋ ಎಂಬ ಜಗಳ. ಮೇಲೆ ನಾಲ್ಕು ಬೆರಳು ಕೆಸರು, ಕೆಳಗೆ ಗಟ್ಟಿ ಗರಸು ಅಥವಾ ಜಂಬಿಟ್ಟಿಗೆ ಇದ್ದರೆ ಸಪೂರ ಟೈರು ಕೆಸರನ್ನು ಸೀಳಿ ತಳ ಮುಟ್ಟುತ್ತದೆ. ಜೀಪಿನ ಗುಟ್ಟುಗಳಲ್ಲಿ ಇದೂ ಒಂದು. ಗದ್ದೆಯ ಹುದುಲಿನಲ್ಲಿ ತಳವೇ ಇಲ್ಲ, ಅಲ್ಲಿ ಸೀಳಿದರೆ ಆಕ್ಸಲ್ಲಿನ ತನಕ ಹೋಗುತ್ತೀರಿ. ಫೋಟೋ ಚೆನ್ನಾಗಿ ಬರಲಿ ಎಂದು ಎಲ್ಲ ಕಡೆಗೂ ಅಗಲ ಟೈರು ಹಾಕುವ ಚಾಳಿ ನನಗೆ ಒಗ್ಗದು.

ನಾನು ಕಂಪನಿ ಕೊಟ್ಟ ಅಳತೆಯಲ್ಲೇ ಆಲ್ ಟೆರೇನ್ ಟೈರು ಹಾಕಿಸಿದೆ. ಮಡ್ ಟೆರೇನ್ ಜೇಡಿಗೆ ಇನ್ನೂ ಒಳ್ಳೆಯದು, ಆದರೆ ವರ್ಷದಲ್ಲಿ ಎಂಟು ತಿಂಗಳು ಈ ಗಾಡಿ ಟಾರಿನ ಮೇಲೆ ಚಿಕ್ಕಮಗಳೂರಿಗೋ ಹಾಸನಕ್ಕೋ ಓಡುತ್ತದೆ. ಒದ್ದೆ ಟಾರಿನಲ್ಲಿ ಆ ದೊಡ್ಡ ಗಟ್ಟಿಗಳ ಹಿಡಿತ ಕಡಿಮೆ, ಸದ್ದು ಬೇರೆ. ಅಳತೆ ಬದಲಿಸದಿರಲು ಇನ್ನೊಂದು ಕಾರಣವೂ ಇತ್ತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಬಗ್ಗೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ, ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಮಾಡಿದ ಗಾಡಿಗಳು ಸಿಕ್ಕಲ್ಲೆಲ್ಲ ಉತ್ತರ ಹೇಳಬೇಕಾಗಿತ್ತು. ಅದಕ್ಕೂ ಮೊದಲೇ, 2017ರ ಕೊನೆಯಲ್ಲಿ, ಮುಂಭಾಗದ ಕಬ್ಬಿಣದ ಬುಲ್‌ಬಾರಿಗೂ ಕೇಂದ್ರದಿಂದ ತಡೆ ಬಿದ್ದಿತ್ತು.

ಲಾಕರ್ ವಿಷಯವನ್ನು ಬಹಳ ದಿನ ತಲೆಯಲ್ಲಿ ಇಟ್ಟುಕೊಂಡಿದ್ದೆ. ಡಿಫರೆನ್ಷಿಯಲ್ಲಿನ ಹಂಚಿಕೆಯನ್ನೇ ರದ್ದು ಮಾಡಿ ಎರಡು ಚಕ್ರಗಳನ್ನು ಒಂದೇ ಸರಳಿಗೆ ಕಟ್ಟಿದಂತೆ ಮಾಡುವ ಸಾಧನ ಅದು. ಆಸ್ಟ್ರೇಲಿಯದ ಎಆರ್‌ಬಿ ಕಂಪನಿಯದು ಗಾಳಿಯ ಒತ್ತಡದಿಂದ, ಚಾಲಕ ಗುಂಡಿ ಒತ್ತಿದಾಗ ಬಿಗಿಯಾಗುತ್ತದೆ. 2015ರ ಥಾರ್ ಜೀಪಿನ ಹಿಂದಿನ ಆಕ್ಸಲ್ಲಿಗೆ ಮಹೀಂದ್ರದವರು ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕರ್ ಕೊಟ್ಟರು. ಅದಕ್ಕೆ ಗುಂಡಿಯೇ ಇಲ್ಲ. ಒಂದು ಚಕ್ರ ಇನ್ನೊಂದಕ್ಕಿಂತ ತೀರಾ ಜೋರಾಗಿ ತಿರುಗಿದರೆ ತಾನಾಗಿ ಕಚ್ಚಿಕೊಳ್ಳುತ್ತದೆ. ಅಂಥದೊಂದು ಥಾರಿನಲ್ಲಿ ಗೆಳೆಯನೊಬ್ಬ ನಮ್ಮ ಮೋರಿಯ ತಿರುವನ್ನು ಹತ್ತಿ ತೋರಿಸಿದ. ಚಕ್ರ ಒಂದು ಸುತ್ತು ಖಾಲಿ ತಿರುಗಿತು, ಟಕ್ ಎಂದು ಸದ್ದು, ಗಾಡಿ ಮೇಲೆ. ಮನಸ್ಸು ಆಗಲೇ ಅರ್ಧ ಹೋಗಿತ್ತು.

ಅದನ್ನು ತಡೆದದ್ದು ಅದರಾಚೆಯ ಬಂಡೆ. ಅಲ್ಲಿ ದಾರಿ ಪಕ್ಕಕ್ಕೆ ವಾಲಿದೆ, ಎಡಕ್ಕೆ ಹಳ್ಳ. ಸಾಮಾನ್ಯ ಡಿಫರೆನ್ಷಿಯಲ್ಲಿನಲ್ಲಿ ಒಂದು ಚಕ್ರ ಜಾರುವಾಗ ಅದರ ಜೋಡಿ ಸುಮ್ಮನೆ ನೆಲ ಹಿಡಿದು ನಿಂತಿರುತ್ತದೆ, ಗಾಡಿಯ ಬಾಲ ಪಕ್ಕಕ್ಕೆ ಹೋಗದಂತೆ ಅದೇ ಕಾಯುತ್ತದೆ. ಲಾಕ್ ಆದಾಗ ಎರಡೂ ಒಟ್ಟಿಗೆ ಜಾರುತ್ತವೆ. ಜಾರುವ ಚಕ್ರಕ್ಕೆ ಪಕ್ಕದ ಹಿಡಿತವೂ ಉಳಿಯುವುದಿಲ್ಲ, ಬಾಲ ಇಳಿಜಾರಿನ ಕಡೆ ಸರಿಯುತ್ತದೆ. ಗೆಳೆಯನ ಥಾರು ಅಲ್ಲಿ ಹಳ್ಳದ ಕಡೆಗೆ ಒಂದು ಗೇಣು ಸರಿದಾಗ ನಾವಿಬ್ಬರೂ ಮಾತು ನಿಲ್ಲಿಸಿದೆವು. ಗುಂಡಿ ಇರುವ ಲಾಕರಾದರೆ ಬೇಕಾದಲ್ಲಿ ಹಾಕಿ ಬೇಡದಲ್ಲಿ ತೆಗೆಯಬಹುದು ನಿಜ. ಆದರೆ ಈ ಗಾಡಿಯನ್ನು ನಾನೊಬ್ಬನೇ ಓಡಿಸುವುದಿಲ್ಲ. ತೋಟದ ರೈಟರು ಓಡಿಸುತ್ತಾರೆ, ತಮ್ಮ ಓಡಿಸುತ್ತಾನೆ. ಮಳೆಯ ಕತ್ತಲಲ್ಲಿ, ಹಿಂದೆ ಜನ ಕೂತಿರುವಾಗ, ಯಾರೋ ಒತ್ತಿದ ಗುಂಡಿ ಒತ್ತಿದ ಹಾಗೇ ಉಳಿದರೆ? ಲಾಕರ್ ಆಸೆ ಬಿಟ್ಟೆ.

ಚೈನಿನ ಬಗ್ಗೆ ನನಗೂ ಚಿಕ್ಕಪ್ಪನಿಗೂ ಕೊನೆಯವರೆಗೂ ಒಮ್ಮತವಾಗಲಿಲ್ಲ. ಹಿಂದಿನ ಚಕ್ರಗಳಿಗೆ ಕಬ್ಬಿಣದ ಚೈನು ಸುತ್ತಿ ಪುಷ್ಯ ಮಳೆಯಲ್ಲಿ ಗುಡ್ಡ ಹತ್ತುವುದು ಮಲೆನಾಡಿನ ಜೀಪುಗಳ ಹಳೆ ರೂಢಿ. ಜೇಡಿಯಲ್ಲಿ ಅದಕ್ಕೆ ಸಾಟಿ ಬೇರೊಂದಿಲ್ಲ, ನಾನೂ ಒಪ್ಪುತ್ತೇನೆ. ಆದರೆ ಚೈನು ಏರಿಸುವುದು ಕೆಸರಿನಲ್ಲಿ ಮಂಡಿಯೂರಿ ಮಾಡುವ ಕೆಲಸ. ಇಂಬಳಗಳಿಗೆ ಅಂಥ ಹಬ್ಬ ಬೇರೆ ಇಲ್ಲ. ಕೊಂಡಿ ಸಡಿಲವಾದರೆ ಚೈನು ಬ್ರೇಕಿನ ಪೈಪಿಗೆ ಹೊಡೆಯುತ್ತದೆ. ಎಲ್ಲಕ್ಕಿಂತ ದೊಡ್ಡ ದೂರು, ಅದು ದಾರಿಯನ್ನು ಉಳುತ್ತದೆ. ಇವತ್ತು ಹತ್ತಿದ ಏರು ನಾಳೆಗೆ ಇನ್ನೊಂದು ಗೇಣು ಆಳ. ಚಿಕ್ಕಪ್ಪ, "ನಾಳೆ ಮಾತು ನಾಳೆಗೆ, ಇವತ್ತು ಮನೆ ಸೇರದು ಬೇಡ್ವ?" ಅನ್ನುತ್ತಿದ್ದರು. ಜ್ವರದ ಮಗುವನ್ನು ಹೊತ್ತು ಆಸ್ಪತ್ರೆಗೆ ಹೊರಟ ರಾತ್ರಿ ಅವರ ಚೈನೇ ಕೆಲಸಕ್ಕೆ ಬಂದದ್ದು. ಹಾಗಾಗಿ ಅದು ಈಗಲೂ ತೊಟ್ಟಿಯ ಮೂಲೆಯಲ್ಲಿ ಎಣ್ಣೆ ಸವರಿದ ಗೋಣಿಯೊಳಗೆ ಇದೆ.

ಇಷ್ಟೆಲ್ಲ ಇದ್ದೂ ಕಾಲು ಸರಿಯಿಲ್ಲದಿದ್ದರೆ ಏನೂ ಇಲ್ಲ. ಫೋರ್ ವೀಲಿನ ಲೋ ಗೇರು ಹಾಕಿದರೆ ಚಕ್ರಕ್ಕೆ ಹೋಗುವ ಬಲ ಸುಮಾರು ಎರಡೂವರೆ ಪಟ್ಟು, ವೇಗ ಅಷ್ಟೇ ಪಾಲು ಕಡಿಮೆ. ಹೊಸಬರು ಮೊದಲನೇ ಗೇರು ಹಾಕಿ ಒತ್ತುತ್ತಾರೆ, ಬಲ ಹೆಚ್ಚಾಗಿ ಚಕ್ರ ಕಿತ್ತುಕೊಂಡು ತಿರುಗುತ್ತದೆ. ಜೇಡಿ ಏರಿಗೆ ಲೋ ಎರಡನೇ ಗೇರು ಹದ. ಚಕ್ರ ತಿರುಗತೊಡಗಿದ ಕೂಡಲೇ ಕಾಲು ತೆಗೆಯಬೇಕು, ಏಕೆಂದರೆ ಜಾರುವ ಚಕ್ರಕ್ಕೆ ಉರುಳುವ ಚಕ್ರದಷ್ಟು ಹಿಡಿತ ಇರುವುದಿಲ್ಲ, ಜೊತೆಗೆ ಅದು ತನ್ನ ಗುಂಡಿಯನ್ನು ತಾನೇ ತೋಡುತ್ತದೆ. ನಿಂತೇ ಹೋಗುತ್ತದೆ ಅನ್ನಿಸಿದಾಗ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಆಡಿಸಿದರೆ ಟೈರಿನ ಅಂಚಿನ ಹಲ್ಲು ಹೊಸ ಮಣ್ಣು ಕಚ್ಚುತ್ತದೆ. ಟಾರು ಸಿಕ್ಕೊಡನೆ ಫೋರ್ ವೀಲ್ ತೆಗೆಯುವುದನ್ನೂ ರೈಟರಿಗೆ ಅಭ್ಯಾಸ ಮಾಡಿಸಬೇಕಾಯಿತು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದಾರಿ ನಡೆಯುತ್ತವೆ. ಕೆಸರಿನಲ್ಲಿ ಆ ವ್ಯತ್ಯಾಸ ಜಾರಿ ಸರಿಹೋಗುತ್ತದೆ, ಟಾರಿನಲ್ಲಿ ಜಾರುವುದಿಲ್ಲ, ಹಲ್ಲುಗಳ ಮೇಲೆ ಏರಿ ಕೂರುತ್ತದೆ. ಜೀಪಿನ ಕಾಲದಲ್ಲಿ ಈ ಮರೆವು ಕಡಿಮೆ, ಏಕೆಂದರೆ ನಮ್ಮ ಜೀಪಿನಲ್ಲಿ ಮಳೆಯಲ್ಲಿ ಕೆಳಗಿಳಿದು ಮುಂದಿನ ಹಬ್ಬನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕಿತ್ತು. ಅಷ್ಟು ಕಷ್ಟಪಟ್ಟು ಹಾಕಿದ್ದು ನೆನಪಿರುತ್ತದೆ.

ಕೊನೆಗೆ ಲಾಕರಿಗೆಂದು ಎತ್ತಿಟ್ಟ ದುಡ್ಡು ಹೋದದ್ದು ದಾರಿಗೆ. ಬೇಸಿಗೆಯಲ್ಲಿ ಜೆಸಿಬಿ ತರಿಸಿ ಮೋರಿಯ ತಿರುವಿನ ಕಾಲುವೆ ಮುಚ್ಚಿಸಿ, ಜಂಬಿಟ್ಟಿಗೆಯ ಚೂರು ಹಾಕಿ ಒತ್ತಿಸಿದೆವು. ಅದಕ್ಕಿಂತ ಮುಖ್ಯವಾದ ಕೆಲಸ ಏರಿನುದ್ದಕ್ಕೂ ಅಲ್ಲಲ್ಲಿ ದಾರಿಗೆ ಅಡ್ಡಲಾಗಿ, ಓರೆಯಾಗಿ ಕಲ್ಲು ಕಟ್ಟಿ ಮಾಡಿದ ಅಡ್ಡ ಚರಂಡಿಗಳು. ಮಳೆನೀರು ದಾರಿಯುದ್ದಕ್ಕೂ ಓಡಿ ವೇಗ ಕಟ್ಟಿಕೊಳ್ಳುವ ಮೊದಲೇ ಪಕ್ಕಕ್ಕೆ ಹೊರಳಬೇಕು. ಕಾಲುವೆ ಕೊರೆಯದಿದ್ದರೆ ಚಕ್ರ ಗಾಳಿಯಲ್ಲಿ ನೇತಾಡುವ ಪ್ರಶ್ನೆಯೇ ಇಲ್ಲವಲ್ಲ. ಆ ವರ್ಷದ ಮಳೆಗಾಲದಲ್ಲಿ ಆ ತಿರುವನ್ನು ಕೊರಿಯರ್ ಹುಡುಗನ ಸ್ಕೂಟರೂ ಹತ್ತಿತು. ಹಾಗೆ ಹೊರಳಿಸಿದ ನೀರಲ್ಲಿ ಒಂದು ಪಾಲು ಪಕ್ಕದ ತೋಟದವರ ಮೆಣಸಿನ ಬಳ್ಳಿಯ ಬುಡಕ್ಕೆ ಹೋಗಿ ನಿಲ್ಲುತ್ತಿದೆ ಎಂದು ಅವರ ತಕರಾರು. ಕೆಳಗಿನ ಎರಡು ಚರಂಡಿಗಳ ಬಾಯಿಯನ್ನು ನಮ್ಮ ತೋಟದ ಕಡೆಗೇ ತಿರುಗಿಸಿಕೊಡುತ್ತೇವೆ ಎಂದಿದ್ದೇವೆ. ಮೇಲಿನದರ ಬಗ್ಗೆ ಮಾತುಕತೆ ನಡೆಯುತ್ತಿದೆ.